ಕಂಪನಿಗೆ ತಿಳಿದ ದೋಷ ಕಾರಿನಲ್ಲಿ ಕೂರುವವರಿಗೂ ತಿಳಿಯಬೇಕು: ಕೇಂದ್ರ ಸಾರಿಗೆ ಸಚಿವಾಲಯಕ್ಕೆ ಮನವಿ ಪತ್ರ

ಇವರಿಗೆ,
ಮಾನ್ಯ ಸಚಿವರು,
ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ,
ಭಾರತ ಸರ್ಕಾರ, ನವದೆಹಲಿ.
(ಮಾನ್ಯ ಜಿಲ್ಲಾಧಿಕಾರಿಗಳು, ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು – ಇವರ ಮೂಲಕ)

ಇವರಿಂದ,
ಕರಾವಳಿಯ ಕಾರು ಮಾಲೀಕರು, ಟ್ಯಾಕ್ಸಿ ಚಾಲಕರು ಮತ್ತು ಗ್ಯಾರೇಜ್ ಕೆಲಸಗಾರರು.

ವಿಷಯ: ವಾಹನಗಳ ಸುರಕ್ಷತಾ ದೋಷವನ್ನು ಮುಚ್ಚಿಡುವುದನ್ನು ತಡೆಯುವ ಹಾಗೂ ದೋಷವಿರುವ ವಾಹನಗಳನ್ನು ವಾಪಸ್ ಕರೆಸುವ ನಿಯಮಗಳನ್ನು ತಿದ್ದುವ ಬಗ್ಗೆ.

ಮಾನ್ಯರೇ,

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಿಂದ 110ಎ ಸೆಕ್ಷನ್ ಸೇರಿತು. ದೋಷವಿರುವ ವಾಹನಗಳನ್ನು ವಾಪಸ್ ಕರೆಸಿ ರಿಪೇರಿ ಮಾಡಿಕೊಡು ಎಂದು ಕಂಪನಿಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂದದ್ದು ಇದರಿಂದಲೇ. ಅದಕ್ಕೂ ಮೊದಲು ಇದ್ದದ್ದು ತಯಾರಕರ ಸಂಘ 2012ರಲ್ಲಿ ತಾನೇ ಬರೆದುಕೊಂಡ ಸ್ವಯಂಪ್ರೇರಿತ ಸಂಹಿತೆ ಮಾತ್ರ. ಈ ಕಾನೂನು ತಂದದ್ದಕ್ಕೆ ನಾವು ಸರ್ಕಾರಕ್ಕೆ ಕೃತಜ್ಞರಾಗಿದ್ದೇವೆ. ಆದರೆ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳು ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ವಾಹನಗಳಿಗೆ ಮಾತ್ರ ಅನ್ವಯಿಸುತ್ತವೆ. ಜೊತೆಗೆ, ಎಷ್ಟು ಗಾಡಿ ಮಾರಾಟವಾಗಿದೆಯೋ ಅದಕ್ಕೆ ತಕ್ಕಷ್ಟು ದೂರು ಬರಬೇಕೆಂಬ ಮಿತಿಯನ್ನೂ ಇಟ್ಟಿವೆ. ಕಾಯ್ದೆಯ ಉದ್ದೇಶ ಸೋಲುತ್ತಿರುವುದು ಈ ಎರಡು ಕಡೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ವಯಸ್ಸಿನ ಮಿತಿ ಏಕೆ ತಪ್ಪು ಎನ್ನುವುದಕ್ಕೆ ತಕಾಟಾ ಪ್ರಕರಣವನ್ನು ತಮ್ಮ ಗಮನಕ್ಕೆ ತರುತ್ತೇವೆ. ಜಪಾನಿನ ಈ ಕಂಪನಿ ಏರ್‌ಬ್ಯಾಗ್ ಉಬ್ಬಿಸಲು ಅಮೋನಿಯಂ ನೈಟ್ರೇಟ್ ಬಳಸಿತು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೂರುವಂತೆ ಈ ರಾಸಾಯನಿಕವೂ ತೇವ ಹೀರಿಕೊಳ್ಳುತ್ತದೆ. ತೇವವೂ ಬಿಸಿಲೂ ವರ್ಷಗಟ್ಟಲೆ ಒಂದಾದ ಮೇಲೊಂದರಂತೆ ತಾಗಿದರೆ ಅದರ ಬಿಲ್ಲೆಗಳು ಶಿಥಿಲವಾಗುತ್ತವೆ. ಮುಂದೆಂದೋ ಸಣ್ಣ ಡಿಕ್ಕಿಯಾದಾಗ ಅವು ಅಳತೆ ಮೀರಿದ ವೇಗದಲ್ಲಿ ಉರಿದು ಲೋಹದ ಕವಚ ಸಿಡಿಯುತ್ತದೆ. ಚೂರುಗಳು ನುಗ್ಗುವುದು ಎದುರಿಗೆ ಕೂತವರ ಮುಖಕ್ಕೆ, ಕುತ್ತಿಗೆಗೆ. ಅಮೆರಿಕದಲ್ಲಿ ಮಾತ್ರವೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳನ್ನು ವಾಪಸ್ ಕರೆಸಬೇಕಾಯಿತು. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಪರೀಕ್ಷೆಯ ಅಂಕಿಅಂಶಗಳನ್ನು ತಿದ್ದಿ ಕಾರು ಕಂಪನಿಗಳಿಗೆ ಕೊಟ್ಟಿದ್ದೇವೆಂದು 2017ರಲ್ಲಿ ತಕಾಟಾ ತಪ್ಪೊಪ್ಪಿಕೊಂಡಿತು, 100 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು, ಅದೇ ವರ್ಷ ದಿವಾಳಿಯೆದ್ದಿತು.

ಇದು ದೂರದ ದೇಶದ ಕಥೆಯಲ್ಲ. ತಕಾಟಾ ಏರ್‌ಬ್ಯಾಗ್ ಇದ್ದ ಕಾರುಗಳನ್ನು ಹೋಂಡಾ ಭಾರತದಲ್ಲೂ ವಾಪಸ್ ಕರೆಸಿತ್ತು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಫ್ಲೋರಿಡಾ, ಟೆಕ್ಸಾಸ್, ಪೋರ್ಟೊ ರಿಕೊಗಳಂಥ ಬಿಸಿ ಮತ್ತು ತೇವ ಹೆಚ್ಚಿರುವ ಪ್ರದೇಶಗಳನ್ನು ಗುರುತಿಸಿ, ಬದಲಿ ಬಿಡಿಭಾಗ ಮೊದಲು ಅಲ್ಲಿಗೇ ಹೋಗುವಂತೆ ನೋಡಿಕೊಂಡಿತು. ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿಯೂ ಅಂಥದ್ದೇ ಹವೆಯ ನಾಡು. ಏಪ್ರಿಲ್–ಮೇ ತಿಂಗಳ ಸೆಕೆ, ಜೂನ್‌ನಿಂದ ಬಿಡದೆ ಸುರಿಯುವ ಮಳೆ, ವರ್ಷವಿಡೀ ಉಪ್ಪುಗಾಳಿ. ಇಂಥ ಕಡೆ ಕಾರಿನ ವಯಸ್ಸು ಹೆಚ್ಚಿದಷ್ಟೂ ಅಪಾಯ ಹೆಚ್ಚು. ನಮ್ಮ ನಿಯಮವಾದರೋ ಏಳು ವರ್ಷ ತುಂಬಿದ ಕೂಡಲೇ ಕೈಬಿಡುತ್ತದೆ. ಹತ್ತು–ಹನ್ನೆರಡು ವರ್ಷದ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ಸಂಸಾರ ಕರೆದೊಯ್ಯುವವರು ನಮ್ಮಲ್ಲೇ ಬಹಳ ಮಂದಿ. ಪ್ರಾಣಾಪಾಯದ ದೋಷಗಳಿಗೆ ಈ ಏಳು ವರ್ಷದ ಮಿತಿ ಇರಬಾರದು, ದೇಶದ ತೇವಾಂಶ ಹೆಚ್ಚಿರುವ ಪ್ರದೇಶಗಳನ್ನು ಗುರುತಿಸಿ ಬದಲಿ ಬಿಡಿಭಾಗದಲ್ಲಿ ಅವುಗಳಿಗೆ ಆದ್ಯತೆ ಕೊಡಬೇಕು ಎಂಬುದು ನಮ್ಮ ಮೊದಲ ಬೇಡಿಕೆ.

ಎರಡನೆಯದು ದೂರುಗಳ ಲೆಕ್ಕ. ಸಿಡಿಯುವ ಏರ್‌ಬ್ಯಾಗ್‌ನ ಬಗ್ಗೆ ದೂರು ಕೊಡಬೇಕಾದವರು ಸತ್ತಿರುತ್ತಾರೆ. ದೋಷ ಮೊದಲು ಗೊತ್ತಾಗುವುದು ಕಾರ್ಖಾನೆಯಲ್ಲಿ, ಪರೀಕ್ಷಾಲಯದಲ್ಲಿ, ವಾರಂಟಿ ಕ್ಲೇಮುಗಳ ಕಡತದಲ್ಲಿ. ಉದಾಹರಣೆಗೆ, ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಕೆಲವು ಕಾರುಗಳ ಇಗ್ನಿಷನ್ ಸ್ವಿಚ್ ಸಡಿಲವಾಗಿತ್ತು. ಓಡುತ್ತಿರುವಾಗಲೇ ಕೀ ಜಾರಿ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ಕೆಲಸ ಮಾಡುತ್ತಿರಲಿಲ್ಲ. 2006ರ ಹೊತ್ತಿಗೆ ಆ ಸ್ವಿಚ್ಚನ್ನು ಒಳಗೊಳಗೇ ಸರಿಪಡಿಸಿದರು. ಬಿಡಿಭಾಗದ ನಂಬರನ್ನು ಮಾತ್ರ ಬದಲಿಸಲಿಲ್ಲ. ಹಾಗಾಗಿ ಹಳೆಯದು ಯಾವುದು, ಹೊಸದು ಯಾವುದು ಎಂದು ತನಿಖೆ ಮಾಡಿದವರಿಗೂ ವರ್ಷಗಟ್ಟಲೆ ತಿಳಿಯಲಿಲ್ಲ. ಕಾರುಗಳನ್ನು ವಾಪಸ್ ಕರೆಸಿದ್ದು 2014ರಲ್ಲಿ. ಕಂಪನಿಯ ಪರಿಹಾರ ನಿಧಿಯೇ 124 ಸಾವುಗಳಿಗೆ ಪರಿಹಾರ ಕೊಟ್ಟಿತು. ಆ ಬಿಡಿಭಾಗದ ಬೆಲೆ ಒಂದು ಡಾಲರ್ ಕೂಡ ಇರಲಿಲ್ಲ. ನಂಬರ್ ಬದಲಿಸದೆ ಭಾಗ ಬದಲಿಸಿದ್ದನ್ನು ಕೆಲಸದ ಒತ್ತಡದ ಅಚಾತುರ್ಯವೆಂದು ಗ್ಯಾರೇಜಿನಲ್ಲಿ ಕೆಲಸ ಮಾಡುವ ನಾವು ಯಾರೂ ಒಪ್ಪಲಾರೆವು.

ತನಗೆ ದೋಷ ಕಂಡರೆ ತಯಾರಕನೇ ಸರ್ಕಾರಕ್ಕೆ ತಿಳಿಸಬೇಕು ಎಂಬ ಮಾತು ನಮ್ಮ 110ಎ ಸೆಕ್ಷನ್‌ನಲ್ಲಿಯೂ ಇದೆ. ಎಷ್ಟು ದಿನದೊಳಗೆ ಎಂದು ಆ ಸೆಕ್ಷನ್ ಹೇಳುವುದಿಲ್ಲ. ಅಮೆರಿಕದಲ್ಲಿ ದೋಷ ಖಚಿತವಾದ ಐದು ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಅದೇ ಮಾದರಿಯ ವಾಹನವನ್ನು ಬೇರೆ ದೇಶದಲ್ಲಿ ವಾಪಸ್ ಕರೆಸಿದರೂ ಐದು ಕೆಲಸದ ದಿನಗಳೊಳಗೆ ಹೇಳಬೇಕೆಂದು 2000ರಲ್ಲಿ, ಫೈರ್‌ಸ್ಟೋನ್ ಟೈರುಗಳ ದುರಂತದ ನಂತರ, ಕಾನೂನು ಮಾಡಿದರು. ಭಾರತದಲ್ಲೂ ಇದೇ ಗಡುವು ಬರಲಿ. ಸಾವು ಅಥವಾ ಗಂಭೀರ ಗಾಯಕ್ಕೆ ದಾರಿಯಾಗುವ ದೋಷಕ್ಕೆ ದೂರುಗಳ ಸಂಖ್ಯೆಯ ಮಿತಿಯನ್ನು ಅನ್ವಯಿಸಬೇಡಿ. ಒಂದು ದೂರು ಬಂದರೂ ತನಿಖೆ ಆರಂಭವಾಗಲಿ. ವಾಪಸಾತಿ ನಿಯಮಗಳಡಿ ಗರಿಷ್ಠ ದಂಡ 1 ಕೋಟಿ ರೂಪಾಯಿ. ಲಕ್ಷಾಂತರ ಕಾರು ಮಾರುವ ಕಂಪನಿಗೆ ಅದು ಒಂದು ಜಾಹೀರಾತಿನ ಖರ್ಚು. ಕಾಯ್ದೆಯ 182ಎ ಸೆಕ್ಷನ್ 100 ಕೋಟಿ ರೂಪಾಯಿವರೆಗೆ ದಂಡವನ್ನೂ ಜೈಲು ಶಿಕ್ಷೆಯನ್ನೂ ಹೇಳುತ್ತದೆ. ಗೊತ್ತಿದ್ದೂ ಮುಚ್ಚಿಟ್ಟವರ ಮೇಲೆ ಆ ಸೆಕ್ಷನ್ನನ್ನೇ ಹಾಕಬೇಕು.

ಮುಚ್ಚಿಟ್ಟದ್ದನ್ನು ಹೊರಗೆ ಹೇಳುವವರು ಯಾರು? ಒಳಗೆ ಕೆಲಸ ಮಾಡುವವರೇ. ಜಪಾನಿನ ದೈಹಾತ್ಸು ಕಂಪನಿಯ ಡಿಕ್ಕಿ ಪರೀಕ್ಷೆಗಳ ಮೋಸ 2023ರಲ್ಲಿ ಹೊರಬಿದ್ದದ್ದು ಒಳಗಿನವರೊಬ್ಬರ ಮಾಹಿತಿಯಿಂದ. ಸೆನ್ಸರ್‌ನಿಂದ ಬಿಚ್ಚಿಕೊಳ್ಳಬೇಕಾದ ಏರ್‌ಬ್ಯಾಗನ್ನು ಪರೀಕ್ಷೆಯ ದಿನ ಟೈಮರ್ ಇಟ್ಟು ಬಿಚ್ಚಿಸಿದ್ದರು. ಸ್ವತಂತ್ರ ಸಮಿತಿ 174 ಅಕ್ರಮಗಳನ್ನು ಪಟ್ಟಿ ಮಾಡಿ, ವಿಪರೀತ ಬಿಗಿಯಾದ ವೇಳಾಪಟ್ಟಿಯ ಒತ್ತಡವನ್ನು ಮುಖ್ಯ ಕಾರಣವೆಂದು ಹೇಳಿತು. ಜಗತ್ತಿನ ದೊಡ್ಡ ದೊಡ್ಡ ಕಾರು ಕಂಪನಿಗಳ ವಿನ್ಯಾಸ, ಸಾಫ್ಟ್‌ವೇರ್ ಕೆಲಸ ಇಂದು ಬೆಂಗಳೂರಿನಲ್ಲಿ ನಡೆಯುತ್ತಿದೆ. ಅಲ್ಲಿ ದುಡಿಯುವವರು ನಮ್ಮ ಮನೆಯ ಮಕ್ಕಳು. ಅವರಲ್ಲೊಬ್ಬರು ದೋಷ ಕಂಡು ಬಾಯಿಬಿಟ್ಟರೆ ಕೆಲಸ ಉಳಿಯುತ್ತದೆಂಬ ಭರವಸೆ ಇಲ್ಲ. 2014ರ ಮಾಹಿತಿದಾರರ ರಕ್ಷಣಾ ಕಾಯ್ದೆ ಇರುವುದು ಸರ್ಕಾರಿ ನೌಕರರ ಭ್ರಷ್ಟಾಚಾರದ ದೂರುಗಳಿಗೆ. ಅದೂ ಇನ್ನೂ ಜಾರಿಯಾಗಿಲ್ಲ. ಅಮೆರಿಕ 2015ರಲ್ಲಿ ವಾಹನ ಸುರಕ್ಷತೆಗೆಂದೇ ಪ್ರತ್ಯೇಕ ಕಾನೂನು ತಂದು, ವಸೂಲಾದ ದೊಡ್ಡ ದಂಡದಲ್ಲಿ ಶೇ 10ರಿಂದ 30ರಷ್ಟನ್ನು ಮಾಹಿತಿ ಕೊಟ್ಟವರಿಗೆ ಸಲ್ಲುವಂತೆ ಮಾಡಿದೆ. ನಮಗೆ ಬಹುಮಾನಕ್ಕಿಂತ ರಕ್ಷಣೆ ಮುಖ್ಯ. ಹೆಸರು ಗುಟ್ಟಾಗಿಡುವ, ನೌಕರಿಯಿಂದ ತೆಗೆದರೆ ಮರಳಿ ಸೇರಿಸುವ ಕಾನೂನನ್ನು ಸಂಸತ್ತಿನ ಮುಂದೆ ತನ್ನಿ.

ಇನ್ನು ನಮ್ಮ ದಿನನಿತ್ಯದ ತೊಂದರೆ. ಕಂಪನಿಯ ಪತ್ರ, ಫೋನ್ ಎಲ್ಲ ಹೋಗುವುದು ಮೊದಲ ಮಾಲೀಕರಿಗೆ. ಆರ್‌ಸಿ ನಮ್ಮ ಹೆಸರಿಗೆ ಬದಲಾಗಿ ಎಷ್ಟೋ ಕಾಲವಾದ ಮೇಲೂ ಗಾಡಿಗೆ ರೀಕಾಲ್ (ವಾಪಸ್ ಕರೆ) ಇದೆ ಎಂಬುದು ನಮಗೆ ಗೊತ್ತಾಗದೇ ಹೋದ ಉದಾಹರಣೆಗಳಿವೆ. ಮಾಲೀಕತ್ವ ವರ್ಗಾವಣೆಯ ಹೊತ್ತಿಗೆ, ಎಫ್‌ಸಿ ನವೀಕರಣದ ಹೊತ್ತಿಗೆ ಬಾಕಿ ಇರುವ ರೀಕಾಲ್ ಸರ್ಕಾರದ ‘ವಾಹನ್’ ನೋಂದಣಿ ದಾಖಲೆಯಲ್ಲಿ ಕಾಣುವಂತಾಗಲಿ. ಚಾಸಿಸ್ ನಂಬರ್ ಹಾಕಿದರೆ ಕನ್ನಡದಲ್ಲೇ ಉತ್ತರ ಬರಲಿ. ಸರ್ವಿಸ್‌ಗೆ ಬಿಟ್ಟ ಗಾಡಿಯಲ್ಲಿ ಸುರಕ್ಷತೆಗೆ ಸಂಬಂಧಿಸಿದ ಭಾಗವನ್ನು ಬದಲಿಸಿದರೆ ಕಾರಣವನ್ನು ಬಿಲ್ಲಿನಲ್ಲಿ ಬರೆಯುವುದು ಕಡ್ಡಾಯವಾಗಲಿ.

ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳದ ಪ್ರಕರಣವೊಂದರಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗ್ರಾಹಕರ ಪರ ತೀರ್ಪು ಕೊಟ್ಟಿತು. ಡಿಕ್ಕಿಯ ವೇಗ, ಬಲಗಳ ಲೆಕ್ಕ ಹಾಕುವ ಭೌತಶಾಸ್ತ್ರ ಗ್ರಾಹಕನಿಗೆ ಗೊತ್ತಿರಬೇಕೆಂದು ನಿರೀಕ್ಷಿಸಲಾಗದು ಎಂದಿತು. ಹಾಗಾದರೆ ಆ ಲೆಕ್ಕ ಹಾಕಬಲ್ಲವರು ಸರ್ಕಾರದ ಕಡೆ ಇರಬೇಕು. ಅಪಘಾತವಾದ ಕಾರಿನ ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್‌ನ ದಾಖಲೆ ಓದುವ ಉಪಕರಣ, ತರಬೇತಿ ಎರಡನ್ನೂ ಆರ್‌ಟಿಒ ನಿರೀಕ್ಷಕರಿಗೆ ಕೊಡಿ. ಆ ದಾಖಲೆ ಕಂಪನಿಯ ಕೈಯಲ್ಲಷ್ಟೇ ಉಳಿಯಬಾರದು.

ಕೊನೆಯದಾಗಿ ಬೇಸ್ ಮಾಡೆಲ್ ವಿಚಾರ. 2014ರಲ್ಲಿ ಕಾರುಗಳ ಡಿಕ್ಕಿ ಪರೀಕ್ಷೆ ಮಾಡಿ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಪರೀಕ್ಷಿಸಿದ ಭಾರತದ ಐದು ಸಣ್ಣ ಕಾರುಗಳಿಗೂ ಸೊನ್ನೆ ಸ್ಟಾರ್ ಬಂದಿತ್ತು. ಅವುಗಳಲ್ಲೊಂದಾದ ಪೋಲೋಗೆ ಎರಡು ಏರ್‌ಬ್ಯಾಗ್ ಹಾಕಿ ಪರೀಕ್ಷಿಸಿದಾಗ ನಾಲ್ಕು ಸ್ಟಾರ್ ಬಂತು. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ, ಆದರೆ ಅದು ಕಂಪನಿಯ ಇಚ್ಛೆಗೆ ಬಿಟ್ಟದ್ದು. ಅದನ್ನು ಕಡ್ಡಾಯ ಮಾಡಿ, ಅತಿ ಕಡಿಮೆ ಬೆಲೆಯ ಮಾದರಿಗೆ ಬಂದ ಸ್ಟಾರನ್ನು ಷೋರೂಂನಲ್ಲಿ ಬೆಲೆಯ ಪಕ್ಕದಲ್ಲೇ ಬರೆಸಿ.

ಈ ಬೇಡಿಕೆಗಳನ್ನು ನಿಯಮಗಳ ತಿದ್ದುಪಡಿಯಲ್ಲಿ ಸೇರಿಸುವಂತೆಯೂ, ಯಾವುದನ್ನು ಒಪ್ಪಲಾಗಿದೆ, ಯಾವುದನ್ನು ಏಕೆ ಒಪ್ಪಲಾಗಿಲ್ಲ ಎಂಬುದನ್ನು ಜಿಲ್ಲಾಧಿಕಾರಿಗಳ ಮೂಲಕ ಲಿಖಿತವಾಗಿ ತಿಳಿಸುವಂತೆಯೂ ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಕರಾವಳಿಯ ಕಾರು ಮಾಲೀಕರು, ಟ್ಯಾಕ್ಸಿ ಚಾಲಕರು ಮತ್ತು ಗ್ಯಾರೇಜ್ ಕೆಲಸಗಾರರು
ಸ್ಥಳ: ಮಂಗಳೂರು

ಪ್ರತಿ: ಸಾರಿಗೆ ಆಯುಕ್ತರು, ಕರ್ನಾಟಕ ಸರ್ಕಾರ, ಬೆಂಗಳೂರು – ಅಗತ್ಯ ಕ್ರಮಕ್ಕಾಗಿ.