ತಂಬುಳಿಯ ಮೇಲೆ ಹೊರಿಸಬಾರದ ಭಾರ

ತರಕಾರಿ ಹೆಚ್ಚು ತಿಂದರೆ ಪ್ರಾಸ್ಟೇಟ್ ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ ಎಂಬ ಮಾತು ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯಂಥ ಊರಿನ ಕಿವಿಗೆ ಹಿತವಾಗಿಯೇ ಕೇಳಿಸುತ್ತದೆ. ಒಂದೆಲಗದ ತಂಬುಳಿ, ಬಸಳೆ ಹುಳಿ, ಕೆಸುವಿನ ಕರಕಲಿ, ಬೆಂಡೆಕಾಯಿ ಸಾಸ್ಮೆ ಇಲ್ಲಿನ ಅಡುಗೆಮನೆಗೆ ಹೊಸತಲ್ಲ. ಆದರೆ ಈ ಮಾತಿಗೆ ವಿಜ್ಞಾನದ ಆಧಾರ ಜನ ನಂಬಿದಷ್ಟು ಗಟ್ಟಿಯಾಗಿಲ್ಲ.

ಆಸೆ ಹುಟ್ಟಿಸಿದ ಅಧ್ಯಯನಗಳು ಇದ್ದವು, ನಿಜ. 1995ರಲ್ಲಿ ಹಾರ್ವರ್ಡ್ ಸಂಶೋಧಕರು 47 ಸಾವಿರಕ್ಕೂ ಹೆಚ್ಚು ಗಂಡಸರ ಊಟದ ಲೆಕ್ಕ ನೋಡಿ, ಟೊಮೆಟೊ ಹೆಚ್ಚು ತಿನ್ನುವವರಲ್ಲಿ ಈ ರೋಗ ಕಡಿಮೆ ಎಂದರು. ಆಮೇಲೆ ಯುರೋಪಿನ 1.3 ಲಕ್ಷ ಗಂಡಸರನ್ನು ಗಮನಿಸಿದ ಅಧ್ಯಯನ 2004ರಲ್ಲಿ ಬಂತು. ಹಣ್ಣು ತರಕಾರಿಗೂ ಈ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. 2020ರಲ್ಲಿ ಅಮೆರಿಕದ ಪ್ರಯೋಗವೊಂದು ಪ್ರಕಟವಾಯಿತು. ಆರಂಭದ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 478 ಮಂದಿಯಲ್ಲಿ ಒಂದು ಗುಂಪಿಗೆ ಫೋನಿನಲ್ಲಿ ಬೆನ್ನುಹತ್ತಿ ದಿನಕ್ಕೆ ಏಳು ಪಾಲು ತರಕಾರಿ ತಿನ್ನುವಂತೆ ಮನವೊಲಿಸಿದರು. ಅವರು ನಿಜಕ್ಕೂ ಹೆಚ್ಚು ತಿಂದರು. ಎರಡು ವರ್ಷದ ನಂತರ ನೋಡಿದರೆ ರೋಗ ಮುಂದುವರಿದದ್ದರಲ್ಲಿ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಇದು ರೋಗ ಬಂದವರ ಮೇಲೆ ನಡೆದ ಪ್ರಯೋಗ; ಮೂವತ್ತು ವರ್ಷ ಹೀಗೆ ಉಂಡವರಿಗೆ ರೋಗವೇ ಬಾರದಿರಬಹುದೇ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಮಾತ್ರೆಯ ಕತೆ ಇನ್ನೂ ಕೆಟ್ಟದು. 35 ಸಾವಿರ ಗಂಡಸರ ಮೇಲಿನ ಪರೀಕ್ಷೆಯಲ್ಲಿ ವಿಟಮಿನ್ ಇ ನುಂಗಿದವರಲ್ಲಿ ಈ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿತು.

ಹಾಗಾದರೆ ತರಕಾರಿ ಬಿಡುವುದೇ? ಖಂಡಿತ ಬೇಡ. ಹೃದ್ರೋಗ, ರಕ್ತದೊತ್ತಡ, ಮೈಬೊಜ್ಜಿನ ವಿಷಯದಲ್ಲಿ ತರಕಾರಿಯ ಉಪಕಾರ ಸಂದೇಹವಿಲ್ಲದ್ದು. ಬೊಜ್ಜು ಮೈಯವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಉಲ್ಬಣಿಸುವ ಸಂಭವವೂ ಜಾಸ್ತಿ. ನನಗೆ ಚಿಂತೆ ಹುಟ್ಟಿಸುವುದು ಬೇರೆ: ನಮ್ಮ ಬಾಳೆಲೆಯಲ್ಲಿ ಮಾಂಸವಿಲ್ಲ, ಆದರೆ ತರಕಾರಿಯೂ ಹೆಚ್ಚಿಲ್ಲ. ಅನ್ನದ ರಾಶಿ, ಹುಳಿಯಲ್ಲಿ ನಾಲ್ಕು ಹೋಳು, ಉಪ್ಪಿನಕಾಯಿ, ಮೇಲೊಂದು ಸಿಹಿ. ಹಣ್ಣು ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅದೂ ಗೆಡ್ಡೆ-ಗೆಣಸು ಬಿಟ್ಟು. ಮಕ್ಕಳು ಬೆಂಗಳೂರು ಸೇರಿ ವೃದ್ಧ ದಂಪತಿಯಷ್ಟೇ ಉಳಿದ ಮನೆಗಳಲ್ಲಿ ಹಿತ್ತಲು ಮಾಡುವವರಿಲ್ಲ. ಮಾಡಿದರೂ ಮಂಗ ಬಿಡುವುದಿಲ್ಲ. ಶಿರಸಿಯ ‘ವನಸ್ತ್ರೀ’ ಬಳಗ 2001ರಿಂದ ಹಿತ್ತಲ ಬೀಜ ಉಳಿಸಲು ದುಡಿಯುತ್ತಿರುವುದು ಅದಕ್ಕೇ ಇಷ್ಟು ಮುಖ್ಯವೆನಿಸುತ್ತದೆ.

ಬಾಯಿಗೆ ಹಾಕುವುದಕ್ಕೂ ಕ್ಯಾನ್ಸರಿಗೂ ಇರುವ ಸ್ಪಷ್ಟ ನಂಟು ಬೇಕಿದ್ದರೆ ಅದು ತಂಬಾಕು ಸೇರಿದ ಎಲೆಯಡಕೆಯ ಕವಳದಲ್ಲಿದೆ. ಅಡಕೆಯ ಸೀಮೆಯಲ್ಲಿ ಹೇಳಲು ಕಷ್ಟವಾದರೂ ಹೇಳಲೇಬೇಕು.

ಪ್ರಾಸ್ಟೇಟ್ ಕ್ಯಾನ್ಸರಿನ ದೊಡ್ಡ ಕಾರಣಗಳು ವಯಸ್ಸು ಮತ್ತು ವಂಶ. ಅಪ್ಪನಿಗೋ ಅಣ್ಣನಿಗೋ ಬಂದಿದ್ದರೆ ಅಪಾಯ ಇಮ್ಮಡಿ. ಆರಂಭದಲ್ಲಿ ಲಕ್ಷಣವೇ ಕಾಣದಿರಬಹುದು. ರಾತ್ರಿ ಮೂತ್ರಕ್ಕೆಂದು ನಾಲ್ಕೈದು ಬಾರಿ ಏಳುವುದು, ಧಾರೆ ತೆಳುವಾಗುವುದು ಬಹುಪಾಲು ಪ್ರಾಸ್ಟೇಟ್ ಗ್ರಂಥಿ ಸುಮ್ಮನೆ ಊದಿದ್ದರಿಂದ; ಮೂತ್ರದಲ್ಲಿ ರಕ್ತ, ಬಿಡದ ಬೆನ್ನುಮೂಳೆ ನೋವು ಕಂಡರೆ ತಡಮಾಡುವಂತಿಲ್ಲ. ‘ವಯಸ್ಸಾತು, ಇದೆಲ್ಲಾ ಇಪ್ಪದೇಯ’ ಎಂದು ಹೆಂಡತಿಗೂ ಹೇಳದೆ ನುಂಗಿಕೊಳ್ಳುವವರೇ ಹೆಚ್ಚು. ಕೊನೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಡುವಾಗ ರೋಗ ಮೂಳೆ ಸೇರಿರುತ್ತದೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ಜನ ದನಿಯೆತ್ತಿದ್ದು ಇಂಥ ದೂರಗಳನ್ನು ಸವೆಸಿ ಸಾಕಾಗಿ.

ಸರ್ಕಾರದ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಇವೆ, ಪ್ರಾಸ್ಟೇಟ್ ಇಲ್ಲ. ಎಲ್ಲರಿಗೂ ಈ ಕ್ಯಾನ್ಸರಿನ ಸುಳಿವು ಹುಡುಕುವ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಿ ಎಂದು ನಾನು ಕೇಳುವುದಿಲ್ಲ. ಅದರಿಂದ ಅನಗತ್ಯ ಭಯ, ಬೇಡದ ಶಸ್ತ್ರಚಿಕಿತ್ಸೆ ಎರಡೂ ಹೆಚ್ಚುತ್ತವೆ. ಆದರೆ ಐವತ್ತು ದಾಟಿದ ಗಂಡಸರಿಗೆ ಬಿಪಿ, ಸಕ್ಕರೆ ನೋಡುವಾಗಲೇ ‘ರಾತ್ರಿ ಎಷ್ಟು ಸಲ ಏಳುತ್ತೀರಿ, ಮನೆಯಲ್ಲಿ ಯಾರಿಗಾದರೂ ಈ ರೋಗ ಇತ್ತೇ’ ಎಂದು ಕೇಳಿ ಬರೆದುಕೊಳ್ಳಲು ಹೊಸ ಯಂತ್ರ ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ.