ಸೇತುವೆ ಬಂತು, ತಾಲೂಕೂ ಬಂತು, ಸೇವೆ ಬಂದೀತೆ?

ಆಲಂಕಾರು: ಮಳೆಗಾಲ ಆರಂಭವಾಯಿತೆಂದರೆ ಉಪ್ಪಿನಂಗಡಿ-ಕಡಬ ರಸ್ತೆಯ ಪ್ರಯಾಣಿಕರು ಮನೆಯಿಂದ ಹೊರಡುವ ಮುನ್ನ ಹೊಸ್ಮಠದ ಸುದ್ದಿ ವಿಚಾರಿಸುತ್ತಿದ್ದ ಕಾಲವೊಂದಿತ್ತು. ಗುಂಡ್ಯ ಹೊಳೆ ಉಕ್ಕಿದರೆ ಅಲ್ಲಿನ ಹಳೆಯ ಮುಳುಗು ಸೇತುವೆ ನೀರಿನಡಿ ಮರೆಯಾಗುತ್ತಿತ್ತು. ಆಲಂಕಾರಿಗೂ ಕಡಬಕ್ಕೂ ನಡುವಿನ ಸಂಪರ್ಕ ಕಡಿದುಹೋಗುತ್ತಿತ್ತು.

ಈಗ ಅಲ್ಲಿ ಎತ್ತರದ ಹೊಸ ಸೇತುವೆಯಿದೆ. ಇನ್ನೊಂದು ದಿಕ್ಕಿನಲ್ಲಿ ಕುಮಾರಧಾರಾ ನದಿಗೆ ಶಾಂತಿಮೊಗರಿನಲ್ಲಿ ಸೇತುವೆ ನಿರ್ಮಾಣವಾಗಿದ್ದು, ಕುದ್ಮಾರು, ಸವಣೂರು ಮಾರ್ಗವಾಗಿ ಪುತ್ತೂರು ಹತ್ತಿರವಾಗಿದೆ. ಈ ಎರಡು ಸೇತುವೆಗಳ ನಡುವೆ ನಿಂತಿರುವ ಆಲಂಕಾರಿನ ಕೃಷಿಕನ ಸಮಸ್ಯೆ ಇಂದು ಹೊಳೆ ದಾಟುವುದಲ್ಲ, ಯಾವ ಕೆಲಸಕ್ಕೆ ಯಾವ ಹೊಳೆ ದಾಟಬೇಕೆಂಬುದು.

ಎರಡು ಊರು, ಒಂದು ಕೆಲಸ

ಕಡಬ ತಾಲೂಕು ಘೋಷಣೆಯಾದದ್ದು 2013ರ ರಾಜ್ಯ ಬಜೆಟ್‌ನಲ್ಲಿ. ಅದು ಅಸ್ತಿತ್ವಕ್ಕೆ ಬರಲು 2018ರವರೆಗೆ ಕಾಯಬೇಕಾಯಿತು. ಅಲ್ಲಿಯತನಕ ಪುತ್ತೂರು ತಾಲೂಕಿನಲ್ಲಿದ್ದ ಆಲಂಕಾರು ಹೊಸ ತಾಲೂಕಿಗೆ ಸೇರಿತು. ಕಂದಾಯ ದಾಖಲೆಗಳಿಗಾಗಿ ಪುತ್ತೂರಿಗೆ ಅಲೆಯುವುದು ಇದರಿಂದ ತಪ್ಪಿತೆಂಬುದು ನಿಜ. ಆದರೆ ತಹಶೀಲ್ದಾರರ ಆದೇಶದ ವಿರುದ್ಧ ಮೇಲ್ಮನವಿ ಸಲ್ಲಿಸಬೇಕಾದರೆ ಸಹಾಯಕ ಆಯುಕ್ತರ ಕಚೇರಿ ಇರುವುದು ಪುತ್ತೂರಿನಲ್ಲೇ. ಅಡಕೆ ಮಾರುಕಟ್ಟೆಯ ಸೆಳೆತವೂ ಅತ್ತಲೇ. ಹೀಗಾಗಿ ಆಡಳಿತದ ನಕ್ಷೆ ಪೂರ್ವಕ್ಕೆ ಎಳೆದರೆ ವ್ಯವಹಾರ ಪಶ್ಚಿಮಕ್ಕೆ ಎಳೆಯುತ್ತದೆ.

ತೋಟದ ಕಾಲಮಾನ

ಈ ಭಾಗದ ಸೇವೆಗಳನ್ನು ಅಳೆಯಬೇಕಾದದ್ದು ಅಡಕೆ ತೋಟದ ಕಾಲಮಾನದಿಂದ. ಡಿಸೆಂಬರ್‌ನಿಂದ ಮೇ ತನಕ ತೋಟಕ್ಕೆ ನೀರುಣಿಸಬೇಕು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಆದರೆ ಒಣಗುತ್ತಿರುವ ಗಿಡಕ್ಕೆ ಬೇಕಾದದ್ದು ಉಚಿತ ವಿದ್ಯುತ್ತಿಗಿಂತ ಮಿಗಿಲಾಗಿ, ಸಮಯಕ್ಕೆ ಸರಿಯಾಗಿ ಬರುವ ಮೂರು ಫೇಸ್ ವಿದ್ಯುತ್. ಮಳೆಗಾಲದಲ್ಲಿ ತೋಟ, ಕಾಡುಗಳ ನಡುವೆ ಹಾದುಬರುವ ತಂತಿಯ ಮೇಲೆ ಮರವೊಂದು ಬಿದ್ದರೂ ಮನೆಗಳು ಕತ್ತಲಾಗುತ್ತವೆ. ಅದರ ಬೆನ್ನಿಗೇ ಮೊಬೈಲ್ ಗೋಪುರವೂ ಮೌನವಾದರೆ, ದೂರು ಹೇಳಲೂ ದಾರಿಯಿರದು.

ಅದೇ ತಿಂಗಳುಗಳಲ್ಲಿ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸಬೇಕು. ಮಳೆ ಬಿಡುವು ಕೊಟ್ಟ ಕೆಲವೇ ತಾಸುಗಳಲ್ಲಿ ಪಾಚಿಗಟ್ಟಿದ ಮರ ಏರುವ ಕಾರ್ಮಿಕ ಜಾರಿ ಬಿದ್ದರೆ, ಸಾರ್ವಜನಿಕ ಸೇವೆಯ ನಿಜವಾದ ಪರೀಕ್ಷೆ ಆಗ ನಡೆಯುತ್ತದೆ. ತಾಲೂಕು ರಚನೆಯಾದಾಗ ಕಡಬದಲ್ಲಿದ್ದುದು ಸಮುದಾಯ ಆರೋಗ್ಯ ಕೇಂದ್ರ. ಬೆನ್ನುಮೂಳೆ ಮುರಿದವನಿಗೆ ತಜ್ಞ ಚಿಕಿತ್ಸೆ ಬೇಕೆಂದರೆ ಪುತ್ತೂರು ಅಥವಾ ಮಂಗಳೂರಿನ ಹಾದಿ ಹಿಡಿಯಬೇಕು. ಆಗ ಲೆಕ್ಕಕ್ಕೆ ಬರುವುದು ಸೇತುವೆಯ ಎತ್ತರ ಮಾತ್ರವಲ್ಲ, ಆಂಬುಲೆನ್ಸ್ ಎಷ್ಟು ನಿಮಿಷದಲ್ಲಿ ಬಂತು, ತೋಟದ ಮಣ್ಣು ರಸ್ತೆಯಲ್ಲಿ ಅದು ಇಳಿದೀತೇ ಎಂಬುದು.

ಮುಂದೇನು?

ಸೇತುವೆಗೆ ಶಿಲಾನ್ಯಾಸವಿದೆ, ಉದ್ಘಾಟನೆಯಿದೆ, ನಾಮಫಲಕವಿದೆ. ಲೈನ್‌ಮನ್‌ನ ಖಾಲಿ ಹುದ್ದೆ ಭರ್ತಿಗೆ, ಭೂಮಾಪಕರ ನೇಮಕಾತಿಗೆ, ರಾತ್ರಿ ಪಾಳಿಯ ವೈದ್ಯರಿಗೆ ಇವು ಯಾವುವೂ ಇಲ್ಲ. ಜನಪ್ರತಿನಿಧಿಗಳ ಗಮನ ಕಾಮಗಾರಿಗಳ ಕಡೆಗೇ ಹರಿಯಲು ಇದೂ ಒಂದು ಕಾರಣ. ಹೊಳೆಯ ಅಡ್ಡಿ ನಿವಾರಣೆಯಾದ ಮೇಲೆ ಮಳೆಯ ನೆಪ ಹೇಳುವಂತಿಲ್ಲ. ಇನ್ನು ಉಳಿದಿರುವುದು ದಾರಿಯ ಕೊನೆಯಲ್ಲಿರುವ ಕಚೇರಿಯಲ್ಲೂ ಆಸ್ಪತ್ರೆಯಲ್ಲೂ ಜನರನ್ನು ಕೂರಿಸುವ ಕೆಲಸ.