ಮನೆ ಗೊತ್ತಾಗುವುದು ಕಾಲಿಗೆ



ಈಚಿನ ವರ್ಷಗಳಲ್ಲಿ ನನಗೆ ಬರುವ ಆಮಂತ್ರಣಗಳಲ್ಲಿ ಮದುವೆಯವಕ್ಕಿಂತ ಗೃಹಪ್ರವೇಶದವೇ ಹೆಚ್ಚು. ಹಿಂದಿನ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದವರೆಲ್ಲ ಇಂದು ಸ್ವಂತ ಮನೆಯ ಒಡೆಯರಾಗಿರುವುದನ್ನು ಕಂಡು ಮನಸ್ಸು ತುಂಬುತ್ತದೆ. ಆದರೆ ಕೆಲವು ತಿಂಗಳ ತರುವಾಯ ಅದೇ ಮನೆಗಳಿಂದ ದೂರವಾಣಿಯಲ್ಲಿ ಬೇರೊಂದು ಮಾತು ಕೇಳಿಬರುತ್ತದೆ. "ಮನೆ ಎಲ್ಲಾ ಚೆನ್ನಾಗಿದೆ ಸಾರ್, ಅಮ್ಮನಿಗೆ ಮಾತ್ರ ಒಗ್ಗುತ್ತಿಲ್ಲ. ವಯಸ್ಸಾಯಿತಲ್ಲ!" ಎಂದು ಪ್ರಶ್ನೆಯನ್ನೂ ಉತ್ತರವನ್ನೂ ಅವರೇ ಹೇಳಿ ಮುಗಿಸುತ್ತಾರೆ.

ಈ ಉತ್ತರವನ್ನು ನಾನು ಒಪ್ಪಲಾರೆ. ಮನೆ ಬದಲಿಸುವಾಗ ನಾವು ಪಾತ್ರೆ, ಮಂಚ, ಕಪಾಟುಗಳ ಪಟ್ಟಿಯನ್ನು ಶ್ರದ್ಧೆಯಿಂದ ಮಾಡುತ್ತೇವೆ. ಮನೆಮಂದಿಯ ಕಾಲುಗಳಿಗೆ ಗೊತ್ತಿದ್ದ ದಾರಿಗಳ ಪಟ್ಟಿಯನ್ನು ಯಾರೂ ಮಾಡುವುದಿಲ್ಲ. ಹಾಲುಕ್ಕಿಸಿದ ದಿನ ಮನೆ ಕಾಗದದ ಮೇಲೆ ನಮ್ಮದಾಗುತ್ತದೆ. ಕಾಲಿಗೆ ಅದು ಗೊತ್ತಾಗಲು ಬಹಳ ದಿನ ಬೇಕು. ಆ ಅವಧಿಯಲ್ಲಿ ಎಚ್ಚರ ತಪ್ಪಿದರೆ ಆಗುವ ಅನಾಹುತ ಸಣ್ಣದಲ್ಲ ಎಂಬುದನ್ನು ಹೇಳಲೆಂದೇ ಈ ಲೇಖನ.

ಮೂವತ್ತೈದು ವರ್ಷಗಳ ಸೇವೆಯಲ್ಲಿ ನಾನು ಏಳು ಬಾರಿ ಮನೆ ಬದಲಿಸಿದವನು. ಸರ್ಕಾರಿ ವರ್ಗಾವಣೆಯ ಆದೇಶಕ್ಕೆ ಆಷಾಢವೂ ಗೊತ್ತಿಲ್ಲ, ರಾಹುಕಾಲವೂ ಗೊತ್ತಿಲ್ಲ. ನಮ್ಮ ಮಲೆನಾಡಿನಲ್ಲಿ ಆದೇಶ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಮುಂಗಾರೂ ಬಂದಿರುತ್ತಿತ್ತು. ಲಾರಿಯ ಮೇಲೆ ಟಾರ್ಪಾಲು ಬಿಗಿದು ಹೊರಟರೂ ಮೊದಲು ನೆನೆಯುತ್ತಿದ್ದುದು ನನ್ನ ಪುಸ್ತಕಗಳೇ. ಒಮ್ಮೆ ಸ್ಟೌ, ಹಾಲು, ಪಾತ್ರೆ, ಪುರೋಹಿತರು ಎಲ್ಲರೂ ಸಕಾಲಕ್ಕೆ ಬಂದು, ಬೆಂಕಿಪೆಟ್ಟಿಗೆ ಮಾತ್ರ ಹದಿನಾಲ್ಕು ಗೋಣಿಚೀಲಗಳ ಪೈಕಿ ಯಾವುದರಲ್ಲಿದೆ ಎಂದು ತಿಳಿಯದೆ ಮುಹೂರ್ತ ಮೀರಿತು. ಇನ್ನೊಮ್ಮೆ ನಮ್ಮ ಒರಳು ಹೊಸ ಊರಿಗೆ ಬಂತು, ಅದರ ಗುಂಡುಕಲ್ಲು ಹಳೆಯ ಊರಿನ ಹಿತ್ತಿಲಲ್ಲಿಯೇ ಉಳಿಯಿತು. ಲಾರಿಯವರು ಅದನ್ನು ದಾರಿಯ ಕಲ್ಲೆಂದು ಭಾವಿಸಿದ್ದರಂತೆ. ನೆರೆಮನೆಯಿಂದ ತಂದ ಗುಂಡು ನಮ್ಮ ಒರಳಿನ ಗುಳಿಗೆ ಕೂಡಲಿಲ್ಲ. ಒಂದು ತಿಂಗಳು ನಮ್ಮ ಮನೆಯಲ್ಲಿ ದೋಸೆಯಿಲ್ಲ. ಒಂದು ಒರಳಿನಲ್ಲಿ ಸವೆದ ಗುಂಡಿಗೆ ಆ ಒರಳೇ ಬೇಕು ಎಂದು ನನ್ನ ಶ್ರೀಮತಿ ಅಂದು ಹೇಳಿದ ಮಾತು ತಮಾಷೆಯಾಗಿ ಕೇಳಿದರೂ, ಆಮೇಲೆ ಹಲವು ಸಲ ನೆನಪಿಗೆ ಬಂದಿದೆ.

ಇವೆಲ್ಲ ನಗುವ ಸಂಗತಿಗಳು. 1996ರಲ್ಲಿ ಒಂದೇ ಊರಿನೊಳಗೆ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋದೆವು. ಮೂರನೆಯ ತರಗತಿಯಲ್ಲಿದ್ದ ನನ್ನ ಮಗ ನಾಲ್ಕನೆಯ ದಿನ ಶಾಲೆ ಬಿಟ್ಟು ಕತ್ತಲಾಗುತ್ತ ಬಂದರೂ ಮನೆಗೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಹಳೆಯ ಮನೆಯ ಜಗಲಿಯ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. "ಮನೆ ಬದಲಾಗಿದೆ ಅಂತ ಗೊತ್ತಿತ್ತು ಅಪ್ಪಾ, ಆದರೆ ಕಾಲು ಇಲ್ಲಿಗೇ ಬಂತು" ಎಂದ. ಅವನ ಪಕ್ಕದಲ್ಲಿ ನಮ್ಮ ಬೆಕ್ಕೂ ಕುಳಿತಿತ್ತು. ಗೋಣಿಚೀಲದಲ್ಲಿ ಕಟ್ಟಿ ತಂದಿದ್ದರೂ ಅದು ಎರಡನೆಯ ದಿನವೇ ಹಿಂದಿರುಗಿತ್ತು.

ಮಗುವಿನ ಕಾಲು ಬೇಗ ಕಲಿಯುತ್ತದೆ, ವೃದ್ಧರ ಕಾಲು ನಿಧಾನ. 2006ರ ಜೂನ್‌ನಲ್ಲಿ ಸಾಗರದ ಕಡೆಯಿಂದ ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರಿಗೆ ಬಂದಾಗ ನನ್ನ ತಾಯಿಗೆ ಎಪ್ಪತ್ತೊಂಬತ್ತು ವರ್ಷ. ಹಳೆಯ ಮನೆಯಲ್ಲಿ ಅವರ ಮಂಚದ ಎಡಕ್ಕೆ ಐದು ಹೆಜ್ಜೆ ಇಟ್ಟರೆ ಬಚ್ಚಲ ಬಾಗಿಲು. ಹೊಸ ಮನೆಯಲ್ಲಿ ಅದೇ ಐದು ಹೆಜ್ಜೆಗೆ ನಡುಮನೆಗಿಳಿಯುವ ಮೆಟ್ಟಿಲು. ಮೂರನೆಯ ವಾರ, ಮಳೆಯ ರಾತ್ರಿಯೊಂದರಲ್ಲಿ ಅಮ್ಮ ಎದ್ದು ಎಡಕ್ಕೆ ನಡೆದರು. ಮಣಿಕಟ್ಟಿನ ಮೂಳೆ ಮುರಿಯಿತು. ನೋವಿಗಿಂತ ಹೆಚ್ಚಾಗಿ ಅವರ ಮುಖದಲ್ಲಿದ್ದುದು ಅಚ್ಚರಿ. "ಬಾಗಿಲು ಅಲ್ಲೇ ಇತ್ತಲ್ಲೋ" ಎಂದು ಮತ್ತೆ ಮತ್ತೆ ಹೇಳಿದರು. ಅಂದಿನಿಂದ ಅವರು ಮಂಚ ಬಿಟ್ಟು ಏಳಲು ಹೆದರಿದರು, ಮಾತು ಕಡಿಮೆಯಾಯಿತು.

ಜೀವಶಾಸ್ತ್ರ ಬೋಧಿಸಿದವನಾದ್ದರಿಂದ ಇದರ ಹಿಂದಿನ ವಿಜ್ಞಾನವನ್ನೂ ನಾಲ್ಕು ಮಾತಿನಲ್ಲಿ ಹೇಳಬೇಕು. 1971ರಲ್ಲಿ ಜಾನ್ ಓಕೀಫ್ ಎಂಬ ವಿಜ್ಞಾನಿ ಇಲಿಗಳ ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ ವಿಶೇಷ ಜೀವಕೋಶಗಳನ್ನು ಗುರುತಿಸಿದರು. ಇಲಿ ಕೋಣೆಯ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಒಂದು ಕೋಶ ಚುರುಕಾಗುತ್ತದೆ, ಮತ್ತೊಂದು ಜಾಗದಲ್ಲಿ ಮತ್ತೊಂದು. 2005ರಲ್ಲಿ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರು ಅದರ ಸಮೀಪದ ಭಾಗದಲ್ಲಿ ದೂರ ಮತ್ತು ದಿಕ್ಕುಗಳನ್ನು ಅಳೆಯಲು ನೆರವಾಗುವ ಕೋಶಗಳನ್ನು ಕಂಡರು. ಈ ಮೂವರಿಗೂ 2014ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಜಾಗದ ನಕ್ಷೆಯೊಂದು ನಮ್ಮ ಮಿದುಳಿನಲ್ಲಿ ಬರೆಯಲ್ಪಡುತ್ತದೆ, ಅದು ಬರೆಯಲ್ಪಡುವುದು ಓಡಾಟದಿಂದ. ಮರೆವಿನ ರೋಗವಾದ ಆಲ್‌ಝೈಮರ್ಸ್ ಮೊದಲು ಆಕ್ರಮಿಸುವುದೂ ಈ ಭಾಗಗಳನ್ನೇ. ಹೀಗಿರುವಾಗ ನಲವತ್ತು ವರ್ಷ ಬರೆದ ನಕ್ಷೆಯನ್ನು ಒಂದು ಬೆಳಿಗ್ಗೆ ಲಾರಿ ಬಂದ ಕೂಡಲೇ ಅಳಿಸಿಬಿಡಿ ಎಂದು ವೃದ್ಧರಿಗೆ ಹೇಳುವುದು ನ್ಯಾಯವೇ? ಅಪಘಾತದ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವಿಕೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಲಿಯಾಗುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು.

ನಮ್ಮ ಜಿಲ್ಲೆಗೆ ಈ ಪಾಠ ಹೊಸತೇನಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಊರುಗಳು ಮುಳುಗಿದವು. ಆ ಮುಳುಗಡೆಯ ಕುಟುಂಬಗಳ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಒಬ್ಬ ಹುಡುಗನ ಅಜ್ಜ ನೀರಿನಡಿಯಲ್ಲಿದ್ದ ತನ್ನ ಊರಿನ ದಾರಿಯನ್ನು ಕೈಬೆರಳಿನಿಂದ ಜಗಲಿಯ ಮೇಲೆ ಬರೆದು ತೋರಿಸುತ್ತಿದ್ದರು: ಇಲ್ಲಿ ಹಳ್ಳ, ಇಲ್ಲಿ ಸಂಕ, ಇಲ್ಲಿ ಸೊಪ್ಪಿನಬೆಟ್ಟ. ಮುವ್ವತ್ತು ವರ್ಷ ವಾಸಿಸಿದ ಹೊಸ ಊರಿನ ದಾರಿಯನ್ನು ಅವರು ಅಷ್ಟು ವಿವರವಾಗಿ ಹೇಳಿದ್ದನ್ನು ನಾನು ಕೇಳಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮನೆ ಬದಲಿಸಲೇಬಾರದು ಎಂದು ಹೇಳಲು ಏಳು ಸಲ ಬದಲಿಸಿದ ನನಗೆ ಬಾಯಿಲ್ಲ. ನಮ್ಮ ಹಿರಿಯರು ಮಾಡುತ್ತಿದ್ದ, ನಾವು ಬಹುಮಟ್ಟಿಗೆ ಕೈಬಿಟ್ಟ ಒಂದು ಪದ್ಧತಿಯನ್ನು ಮಾತ್ರ ನೆನಪಿಸುತ್ತೇನೆ. ಅದು ಕಾರ್ತಿಕಮಾಸದ ವನಭೋಜನ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಊರ ಹೊರಗೆ ನಡೆದು, ನೆಲ್ಲಿಯ ಮರದಡಿ ಕುಳಿತು ಉಣ್ಣುವುದು. ಇದರ ಪುಣ್ಯಫಲವನ್ನು ಪುರೋಹಿತರು ಹೇಳಲಿ. ನನಗೆ ತೋರುವಂತೆ ಇದು ಊರನ್ನು ಕಾಲಿನಿಂದ ಪರಿಚಯ ಮಾಡಿಕೊಳ್ಳುವ ವಿಧಾನ.

ಆ ವರ್ಷದ ಕಾರ್ತಿಕದಲ್ಲಿ ಅಮ್ಮನ ಕೈ ಕೂಡಿಕೊಂಡಿತ್ತು, ಧೈರ್ಯ ಕೂಡಿಕೊಂಡಿರಲಿಲ್ಲ. ಪಿಯುಸಿ ಓದುತ್ತಿದ್ದ ನನ್ನ ಮಗಳು "ಬನ್ನಿ ಅಜ್ಜಿ, ನೆಲ್ಲಿಕಾಯಿ ತರೋಣ" ಎಂದು ಹಟ ಹಿಡಿದು ಹೊರಡಿಸಿದಳು. ಮನೆಯಿಂದ ಕಾಡಿನಂಚಿಗೆ ಅರ್ಧ ಮೈಲಿ. ನಾಲ್ಕು ಕಡೆ ಕುಳಿತು ಕುಳಿತು ನಡೆದೆವು.

ಅಮೆರಿಕದಲ್ಲಿರುವ ಶಿಷ್ಯರು ಪ್ರತಿವರ್ಷ ಶರತ್ಕಾಲದ ಕೆಂಪು ಹಳದಿ ಎಲೆಗಳ ಚಿತ್ರ ಕಳುಹಿಸುತ್ತಾರೆ. ಅಲ್ಲಿ ಹಗಲು ಕುಗ್ಗಿ ಚಳಿ ಏರಿದಂತೆ ಎಲೆಯ ಹಸಿರು ಕರಗಿ ಬಣ್ಣ ಹೊರಬರುತ್ತದೆ, ಎಲೆ ಉದುರುತ್ತದೆ. ನಮ್ಮ ಎಲೆಯುದುರುವ ಕಾಡುಗಳಿಗೆ ಶತ್ರು ಚಳಿಯಲ್ಲ, ನೀರಿನ ಕೊರತೆ. ಆದ್ದರಿಂದ ಇಲ್ಲಿ ಎಲೆಯುದುರುವ ಭರಾಟೆ ಮುಂದಿನ ತಿಂಗಳುಗಳದು. ಶರತ್ತಿನ ಕೊನೆಯಲ್ಲಿ ನಮ್ಮ ಕಾಡು ಕಾಯಿ ಕಟ್ಟುವ ಕಾಲ. ಹುಣಾಲು ಮರದ ನೆತ್ತಿಯೆಲ್ಲ ರೆಕ್ಕೆಯುಳ್ಳ ಕೆಂಗಂದು ಕಾಯಿಗೊಂಚಲು. ದೂರದಿಂದ ನೋಡಿದವರು ಹೂವೆಂದೇ ತಿಳಿಯುತ್ತಾರೆ. ಹುಲ್ಲು ತೆನೆಗಟ್ಟಿ ಬಾಗಿರುತ್ತದೆ. ಉಂಬಳಗಳ ಕಾಟ ಮುಗಿದಿರುತ್ತದೆ, ಹಳ್ಳದಲ್ಲಿ ನೀರಿನ್ನೂ ಹರಿಯುತ್ತಿರುತ್ತದೆ. ವೃದ್ಧರೂ ಮಕ್ಕಳೂ ನಡೆಯಲು ಮಲೆನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಅಮ್ಮ ಮೊದಲು ನಿಂತದ್ದು ಒಂದು ಮತ್ತಿಮರದ ಬಳಿ. ಮೊಸಳೆಯ ಬೆನ್ನಿನಂತೆ ಬಿರಿದ ಅದರ ತೊಗಟೆಯ ಮೇಲೆ, ಮುರಿದು ಕೂಡಿದ ಕೈಯನ್ನೇ ಇಟ್ಟು ಸವರಿದರು. "ಇದು ನಮ್ಮ ಮತ್ತಿ ಅಲ್ವೇನೋ! ಇಲ್ಲೂ ಇದೆಯಲ್ಲ" ಎಂದರು. ಆಮೇಲೆ ಅವರ ಬಾಯಿ ನಿಲ್ಲಲಿಲ್ಲ. ಇದು ಹೊನ್ನೆ, ಕೆತ್ತಿದರೆ ಕೆಂಪು ಸೋನೆ ಬರುತ್ತದೆ. ಇದು ಮುತ್ತುಗ, ಇದರೆಲೆಯಲ್ಲಿ ನಿನ್ನ ಅಪ್ಪನ ಉಪನಯನಕ್ಕೆ ಊಟ ಬಡಿಸಿದ್ದು ಎಂದು ಮೊಮ್ಮಗಳಿಗೆ ಹೇಳುತ್ತ ನಡೆದರು. ಐದು ತಿಂಗಳಲ್ಲಿ ಆ ಊರು ಅವರಿಗೆ ಒಂದು ಪರಿಚಿತ ಮುಖವನ್ನೂ ತೋರಿಸಿರಲಿಲ್ಲ. ಒಂದು ಬೆಳಿಗ್ಗೆಯಲ್ಲಿ ಕಾಡು ಹತ್ತು ಮುಖಗಳನ್ನು ತೋರಿಸಿತು. ಉತ್ಥಾನ ದ್ವಾದಶಿಯ ತುಳಸಿ ಪೂಜೆಗೆ ನೆಲ್ಲಿಯ ಕೊಂಬೆಯನ್ನು ಎಲ್ಲಿಂದ ತರಬೇಕೆಂದು ಆ ಸಂಜೆ ಅವರೇ ನೆರೆಯವರಿಗೆ ದಾರಿ ಹೇಳಿದರು. ಹೊಸ ಊರಿನಲ್ಲಿ ಅವರು ಹೇಳಿದ ಮೊದಲ ದಾರಿ ಅದು. ಪವಾಡವೇನೂ ನಡೆಯಲಿಲ್ಲ, ರಾತ್ರಿ ಏಳುವಾಗ ಮಗಳ ಕೈ ಕೊನೆಯವರೆಗೂ ಬೇಕಾಯಿತು. ಆದರೆ ಹಗಲಿನಲ್ಲಿ ಅವರು ಮತ್ತೆ ಅಂಗಳಕ್ಕಿಳಿದರು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ. ಚಳಿಗಾಲ ಕಾಲಿಟ್ಟಂತೆ ಅವುಗಳ ಕಾಟ ಹೆಚ್ಚುತ್ತದೆ. ಮಂಗ ಸತ್ತ ಕಡೆಗೆ ಹೋಗಬೇಡಿ. ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆಯವರು ಕೊಡುವ ತೈಲವನ್ನು ಹಚ್ಚಿಕೊಳ್ಳಿ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ. ಆರೋಗ್ಯ ಇಲಾಖೆ ಬೇಡವೆಂದ ಊರುಗಳಲ್ಲಿ ಕಾಡಿನ ಆಸೆಯನ್ನು ಬಿಟ್ಟು ತೋಟದ ದಾರಿಯಲ್ಲಿ ನಡೆಯಿರಿ.

"ಬೆಂಗಳೂರಿನಲ್ಲಿ ಕಾಡೆಲ್ಲಿದೆ ಸಾರ್?" ಎಂದು ಕೇಳುವವರಿದ್ದೀರಿ. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ ಇದೆ. ಅದು ದೂರವಾದರೆ ಬಡಾವಣೆಯ ಉದ್ಯಾನವೋ ಕೆರೆಯ ಏರಿಯೋ ಇದೆ. ಅದೂ ಇಲ್ಲವಾದರೆ ರಸ್ತೆಬದಿಯ ಒಂದು ಹೊಂಗೆಯಾದರೂ ಇದ್ದೇ ಇರುತ್ತದೆ. ಅಪ್ಪ ಅಮ್ಮಂದಿರನ್ನು ಕಾರಿನಲ್ಲಿ ಸುತ್ತಿಸಿದರೆ ಸಾಲದು. ಕಿಟಕಿಯಿಂದ ಕಂಡ ಊರು ಕಾಲಿಗೆ ಸೇರುವುದಿಲ್ಲ.

ಮನೆ ಬದಲಿಸುವ ಶಿಷ್ಯರಿಗೆ ಈ ನಿವೃತ್ತ ಮೇಷ್ಟರದು ಮೂರು ಮನೆಪಾಠ. ಒಂದು, ಹಿರಿಯರ ಮಂಚವನ್ನು ಹಳೆಯ ಮನೆಯಲ್ಲಿದ್ದ ದಿಕ್ಕಿಗೇ ಹಾಕಿ. ಬಚ್ಚಲಿಗೆ ಅದೇ ಕೈಗೆ ತಿರುಗುವಂತಿದ್ದರೆ ಇನ್ನೂ ಒಳ್ಳೆಯದು. ಎರಡು, ಮಂಚದಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ, ಮೊದಲ ವಾರ ಹಗಲಿನಲ್ಲಿಯೇ ಆ ದಾರಿಯನ್ನು ಅವರ ಜೊತೆ ಹತ್ತು ಸಲ ನಡೆಯಿರಿ. ಮೂರು, ಮಳೆ ನಿಂತ ಮೇಲೆ ಒಂದು ದಿನ ಬುತ್ತಿ ಕಟ್ಟಿ ಎಲ್ಲರೂ ಮರಗಳಿರುವ ಕಡೆಗೆ ಹೋಗಿ, ಹಿರಿಯರು ಹೇಳುವ ಮರದ ಹೆಸರುಗಳನ್ನು ಮಕ್ಕಳು ಬರೆದುಕೊಳ್ಳಲಿ. ನನಗೆ ಹೊಸ ವಿಳಾಸ ಕಳುಹಿಸುವವರು ಪಿನ್‌ಕೋಡಿನ ಕೆಳಗೆ ಆ ಪಟ್ಟಿಯಿಂದ ಒಂದು ಹೆಸರನ್ನೂ ಬರೆದು ಕಳುಹಿಸಿರಿ.